ವೃತ್ತ, ಚೌಕ, ಗೆರೆ: ಸ್ವಂತ ಫಾಂಟ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸರಳ ಆಕಾರಗಳನ್ನು ಜೋಡಿಸಿ ತಮ್ಮದೇ ಒಂದು ಫಾಂಟ್ ಮಾಡಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಂದೇ ಕಡೆ ಹಾಕಿದ್ದೇನೆ. ಉದಾಹರಣೆಗಳು ಬಹುತೇಕ ಕನ್ನಡ ಅಕ್ಷರಗಳವು. ಇಂಗ್ಲಿಷ್ ಅಕ್ಷರ ಮಾಡುವವರಿಗೂ ಮುಕ್ಕಾಲು ಪಾಲು ಇದೇ ಅನ್ವಯಿಸುತ್ತದೆ. ಮೊದಲಿನಿಂದಲೇ ಓದಬೇಕು ಅಂತೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ.

ನನಗೆ ಚಿತ್ರ ಬಿಡಿಸೋಕೆ ಬರಲ್ಲ. ಫಾಂಟ್ ಮಾಡೋಕಾಗುತ್ತಾ?

ಆಗುತ್ತದೆ. ಆಕಾರಗಳಿಂದ ಕಟ್ಟುವ ಫಾಂಟ್ ಶುರು ಮಾಡಲು ಒಳ್ಳೆಯದು ಅನ್ನುವುದೇ ಇದಕ್ಕೆ. ವೃತ್ತವನ್ನು ಕಂಪ್ಯೂಟರ್ ಬಿಡಿಸುತ್ತದೆ, ನೀವು ಬಿಡಿಸಬೇಕಾಗಿಲ್ಲ. ನಿಮಗೆ ಬೇಕಾಗಿರುವುದು ನೋಡುವ ಅಭ್ಯಾಸ. ಬಿಡಿಸಿದ್ದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ತಲೆಕೆಳಗಾದಾಗ ಕಣ್ಣು ಓದುವುದನ್ನು ಬಿಟ್ಟು ಆಕಾರವನ್ನು ನೋಡಲು ಶುರು ಮಾಡುತ್ತದೆ. ಎಲ್ಲಿ ವಾಲಿದೆ, ಎಲ್ಲಿ ದಪ್ಪವಾಗಿದೆ ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಇಂಥ ಫಾಂಟ್‌ಗಳನ್ನು ಮೊದಲು ಯಾರು ಮಾಡಿದರು? ಅವರಿಂದ ಏನಾದರೂ ಕಲಿಯೋದು ಇದೆಯಾ?

ತುಂಬಾ ಇದೆ. 1920ರ ದಶಕದ ಜರ್ಮನಿಯಲ್ಲಿ ಇದರ ಹುಚ್ಚು ಜೋರಾಗಿತ್ತು. ಬೌಹೌಸ್ ಅನ್ನುವ ಕಲೆ-ವಿನ್ಯಾಸದ ಶಾಲೆಯಲ್ಲಿದ್ದ ಹರ್ಬರ್ಟ್ ಬೇಯರ್ 1925ರಲ್ಲಿ 'ಯೂನಿವರ್ಸಲ್' ಅನ್ನುವ ಅಕ್ಷರಮಾಲೆ ಮಾಡಿದರು. ವೃತ್ತದ ತುಂಡು, ನೇರ ಗೆರೆ, ಅಷ್ಟೇ. ದೊಡ್ಡಕ್ಷರಗಳು ಬೇಡವೇ ಬೇಡ ಅಂತ ಬಿಟ್ಟುಬಿಟ್ಟರು. ಅದೇ ಶಾಲೆಯ ಜೋಸೆಫ್ ಆಲ್ಬರ್ಸ್ ಇನ್ನೂ ಕಟ್ಟುನಿಟ್ಟು: ಅವರ ಕೊರೆಯಚ್ಚಿನ ಅಕ್ಷರಗಳು ಚೌಕ, ತ್ರಿಕೋನ, ಕಾಲುವೃತ್ತ ಇಷ್ಟರಿಂದಲೇ ಆದವು. 1967ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಮ್ ಕ್ರೌವೆಲ್ 'ನ್ಯೂ ಆಲ್ಫಬೆಟ್' ಮಾಡಿದಾಗ ವೃತ್ತವನ್ನೂ ಕೈಬಿಟ್ಟರು. ಆಗಿನ ಹೊಸ ಅಕ್ಷರ ಜೋಡಣೆ ಯಂತ್ರಗಳ ಪರದೆಯ ಮೇಲೆ ಬಾಗಿದ ಗೆರೆಗಳು ಚೂರುಚೂರಾಗಿ ಕಾಣುತ್ತಿದ್ದವು. ಹಾಗಾಗಿ ಬರೀ ಅಡ್ಡಗೆರೆ, ಉದ್ದಗೆರೆ. ನೋಡಲು ಸೊಗಸು. ಓದಲು ಮಾತ್ರ ಒದ್ದಾಟ, ಕೆಲವು ಅಕ್ಷರ ಯಾವುದೆಂದೇ ಗೊತ್ತಾಗುವುದಿಲ್ಲ.

ಇವುಗಳ ನಡುವೆ ದಿನಬಳಕೆಗೆ ನಿಂತಿದ್ದು ಪೌಲ್ ರೆನರ್ ಅವರ ಫ್ಯೂಚುರಾ, 1927ರದ್ದು. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದಲ್ಲಿರುವುದೂ ಫ್ಯೂಚುರಾ ಅಕ್ಷರಗಳೇ. ರೆನರ್ ಅವರ ಮೊದಲ ಕರಡುಗಳಲ್ಲಿ ಇಂಗ್ಲಿಷ್‌ನ ಸಣ್ಣ 'ಆರ್' ಅಂದರೆ ಒಂದು ಕೋಲು, ಪಕ್ಕದಲ್ಲಿ ಒಂದು ಚುಕ್ಕಿ. ಆಮೇಲೆ ಅದನ್ನು ಬಿಟ್ಟು ಜನ ಗುರುತು ಹಿಡಿಯುವ ರೂಪಕ್ಕೆ ಬಂದರು. ಅಳತೆಪಟ್ಟಿ ಇಟ್ಟು ನೋಡಿದರೆ ಫ್ಯೂಚುರಾದ ಬಾಗುಗಳು ಕೋಲಿಗೆ ಸೇರುವ ಕಡೆ ತೆಳ್ಳಗಾಗುತ್ತವೆ. ಕಣ್ಣಿಗೆ ಮಾತ್ರ ಎಲ್ಲ ಒಂದೇ ದಪ್ಪ. ನನ್ನ ಪ್ರಕಾರ ಕಲಿಯಬೇಕಾದ್ದು ಇದನ್ನೇ: ಆಕಾರದಲ್ಲಿ ಹಟ ಇರಲಿ, ಅಳತೆಯಲ್ಲಿ ಬೇಡ.

ಎಷ್ಟು ಆಕಾರ ಇಟ್ಟುಕೊಳ್ಳಬೇಕು?

ಎರಡು ಅಥವಾ ಮೂರು. ಪೂರ್ತಿ ವೃತ್ತ, ಅರ್ಧವೃತ್ತ, ನೇರ ಗೆರೆ ಇದ್ದರೆ ಕನ್ನಡದ ಬಹುಪಾಲು ಅಕ್ಷರ ಬರುತ್ತದೆ. ಚೌಕ ಇಟ್ಟುಕೊಂಡರೆ ಫಾಂಟ್‌ಗೆ ಬೇರೆಯದೇ ಮುಖ ಬರುತ್ತದೆ, ಕನ್ನಡದಲ್ಲಿ ಅಂಥವು ಕಡಿಮೆ ಕೂಡ. ತ್ರಿಕೋನ ಕನ್ನಡಕ್ಕೆ ಕಷ್ಟ, ಚೂಪು ಮೂಲೆಯನ್ನು ನಮ್ಮ ಅಕ್ಷರಗಳು ಸುಲಭಕ್ಕೆ ಒಪ್ಪುವುದಿಲ್ಲ. ಬೇಕಿದ್ದರೆ ತಲೆಕಟ್ಟಿನ ತುದಿಗೆ ಬಳಸಿ ನೋಡಿ.

ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. 'ಎಲ್ಲ ಹೊಟ್ಟೆಗಳೂ ಒಂದೇ ವೃತ್ತ, ತಲೆಕಟ್ಟು ಒಂದು ನೇರ ಗೆರೆ, ಬಾಲಗಳೆಲ್ಲ ಕಾಲುವೃತ್ತ' ಅನ್ನುವ ಹಾಗೆ. ಹೊಟ್ಟೆ ಅಂದರೆ ಅಕ್ಷರದ ದುಂಡು ಭಾಗ. ಮಧ್ಯದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಾಗ ಈ ವಾಕ್ಯವೇ ದಾರಿ ತೋರಿಸುತ್ತದೆ.

ಯಾವ ಅಕ್ಷರದಿಂದ ಶುರು ಮಾಡಲಿ? ಅ ಇಂದಲಾ?

ಬೇಡ. ಅ ಸುರುಳಿ ಅಕ್ಷರ, ಮೊದಲೇ ಅದಕ್ಕೆ ಕೈ ಹಾಕಿದರೆ ಸುಮ್ನೆ ಬೇಜಾರಾಗುತ್ತದೆ. ರ ಇಂದ ಶುರು ಮಾಡಿ. ಒಂದು ಹೊಟ್ಟೆ, ಒಂದು ತಲೆಕಟ್ಟು, ಮುಗಿಯಿತು. ಒಳಗೊಂದು ಚುಕ್ಕಿ ಇಟ್ಟರೆ ಠ. ಆಮೇಲೆ ವ, ಪ, ದ, ಬ, ಲ, ಸ, ನ. ಇಷ್ಟಾದರೆ ಸಣ್ಣಪುಟ್ಟ ಪದ ಬರೆಯಬಹುದು: ನರ, ವರ, ಸರ, ದವಸ, ಬಲ. ಒಂಟಿ ಅಕ್ಷರ ಎಷ್ಟೇ ಚೆನ್ನಾಗಿದ್ದರೂ ಪದದಲ್ಲಿ ಕೂತ ಮೇಲೆಯೇ ಅದರ ಬಣ್ಣ ಬಯಲಾಗುವುದು.

ಯ, ಝ, ಳ, ಋ ಇವನ್ನು ಕೊನೆಗೆ ಬಿಡಬೇಡಿ, ಮಧ್ಯದಲ್ಲೇ ಒಂದೆರಡು ಎತ್ತಿಕೊಳ್ಳಿ. ಯಾಕೆ ಅನ್ನುವುದು ದಪ್ಪದ ಪ್ರಶ್ನೆಯಲ್ಲಿದೆ.

ನನ್ನ ಅಕ್ಷರಗಳೆಲ್ಲ ಒಂದೇ ಥರ ಕಾಣುತ್ತಿವೆ. ಏನು ಮಾಡಲಿ?

ಆಕಾರಗಳ ಫಾಂಟ್ ಮಾಡುವ ಎಲ್ಲರಿಗೂ ಬರುವ ದೊಡ್ಡ ತೊಂದರೆ ಇದು. ಕನ್ನಡದಲ್ಲಿ ಇನ್ನೂ ಜಾಸ್ತಿ. ನಮ್ಮ ಅಕ್ಷರಗಳೇ ಮೊದಲಿನಿಂದಲೂ ದುಂಡಗೆ. ಇರುವ ಸಣ್ಣ ಬಾಗು-ಬಳುಕನ್ನೂ ತೆಗೆದು ಎಲ್ಲದಕ್ಕೂ ಒಂದೇ ವೃತ್ತ ಹಾಕಿದರೆ ಸಾಲು ಪೂರ್ತಿ ಸೊನ್ನೆಗಳ ಮೆರವಣಿಗೆ ಆಗುತ್ತದೆ.

ಒಂದು ಹಾಳೆ ತೆಗೆದುಕೊಂಡು ಅಕ್ಷರಗಳನ್ನು ಗುಂಪು ಮಾಡಿ, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಬರೆಯಿರಿ. ರ-ಠ: ಒಳಗಿನ ಚುಕ್ಕಿ. ದ-ಧ, ಬ-ಭ, ಪ-ಫ: ಕೆಳಗಿನ ಪುಟ್ಟ ಗೀಟು. ಧ-ಥ: ಮತ್ತೆ ಚುಕ್ಕಿ. ಪ-ವ: ಒಂದು ಮೇಲೆ ತೆರೆದಿದೆ, ಇನ್ನೊಂದು ಮುಚ್ಚಿದೆ. ಪ-ಷ: ಹೊಟ್ಟೆಯೊಳಗಿನ ಗೆರೆ. ಶಾಲೆಯಲ್ಲಿ 'ಹೊಟ್ಟೆ ಸೀಳಿದ ಷ' ಅಂತ ಹೇಳಿಕೊಡುತ್ತಾರಲ್ವಾ, ಅದೇ. ವ-ಮ: ಬಲಗಡೆಯ ಸುಳಿ.

ಈ ಪಟ್ಟಿಯಲ್ಲಿರುವ ಚುಕ್ಕಿ, ಗೀಟು, ಬಾಯಿ, ಸುಳಿ ಇವೇ ನಿಮ್ಮ ಫಾಂಟ್‌ನ ನಿಜವಾದ ಕೆಲಸ. ವೃತ್ತ ಎಲ್ಲರಿಗೂ ಒಂದೇ, ಓದುವವರು ಹುಡುಕುವುದು ಈ ಗುರುತುಗಳನ್ನು. ಅದಕ್ಕೇ ಇವನ್ನು ದೊಡ್ಡದಾಗಿ ಮಾಡಿ. ಭ ಅಕ್ಷರದ ಗೀಟು ಹೊಟ್ಟೆಯಿಂದ ಕೆಳಗೆ ಗೆರೆಯ ದಪ್ಪದಷ್ಟಾದರೂ ಇಳಿಯಲಿ, ಇಲ್ಲದಿದ್ದರೆ ಮೊಬೈಲ್ ಪರದೆಯಲ್ಲಿ ಬಲ ಯಾವುದು ಭಲ ಯಾವುದು ಗೊತ್ತಾಗುವುದಿಲ್ಲ. ಪ ಅಕ್ಷರದ ಬಾಯಿಯನ್ನು ಗೆರೆಯ ದಪ್ಪಕ್ಕಿಂತ ಅಗಲ ಬಿಡಿ. ಠ ಅಕ್ಷರದ ಚುಕ್ಕಿಯ ಸುತ್ತ ಬಿಳಿ ಜಾಗ ಸಾಕಷ್ಟಿಲ್ಲದಿದ್ದರೆ ಅದು ಕಪ್ಪು ಉಂಡೆ ಆಗುತ್ತದೆ, ಅದಕ್ಕೆ ವೃತ್ತವನ್ನೇ ಸ್ವಲ್ಪ ಹಿಗ್ಗಿಸಿ. ನಿಯಮ ಮುರಿಯಿತು ಅಂತ ಯಾರೂ ಅಳೆಯಲು ಬರುವುದಿಲ್ಲ.

ಇನ್ನೊಂದು ಜಾಗ ನೋಡಿ. ವ ಅಕ್ಷರಕ್ಕೆ ಕೊಂಬನ್ನು ಮಾಮೂಲಿ ಎತ್ತರದಲ್ಲೇ ಬಲಕ್ಕೆ ಅಂಟಿಸಿದರೆ ಅದು ಮ ಆಗಿಬಿಡುತ್ತದೆ. ಹಾಗಾಗಿಯೇ ಪು, ವು ಇವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ಆಕಾರಗಳನ್ನು ಜೋಡಿಸುವ ಹುರುಪಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಕೊಂಬನ್ನು ಒಂದೇ ಜಾಗದಲ್ಲಿ ಕೂರಿಸಿದರೆ 'ಹೂವು' ಹೋಗಿ 'ಹೂಮ' ಆಗುತ್ತದೆ.

ಅಳತೆ ಎಲ್ಲ ಸರಿಯಾಗಿದೆ. ಆದರೂ ವಂಕರ ಕಾಣುತ್ತಲ್ಲ?

ಕಣ್ಣು ಅಳತೆಪಟ್ಟಿಯ ಮಾತು ಕೇಳುವುದಿಲ್ಲ. ಫಾಂಟ್ ಸಾಫ್ಟ್‌ವೇರ್‌ನಲ್ಲಿ ಅಳೆಯುವುದು ಯೂನಿಟ್ ಅನ್ನುವ ಪುಟ್ಟ ಅಳತೆಯಲ್ಲಿ. 500 ಯೂನಿಟ್ ಎತ್ತರದ ಚೌಕದ ಪಕ್ಕ 500 ಯೂನಿಟ್ ಎತ್ತರದ ವೃತ್ತ ಇಟ್ಟು ನೋಡಿ. ವೃತ್ತ ಚಿಕ್ಕದಾಗಿ ಕಾಣುತ್ತದೆ. ವೃತ್ತ ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತದೆ, ಚೌಕ ಉದ್ದಕ್ಕೂ ಮುಟ್ಟುತ್ತದೆ. ಅದಕ್ಕೇ ದುಂಡು ಅಕ್ಷರಗಳನ್ನು ಗೆರೆಯಿಂದ ಸ್ವಲ್ಪ ಆಚೆ ದಾಟಿಸುತ್ತಾರೆ. ಓವರ್‌ಶೂಟ್ ಅನ್ನುವುದು ಇದಕ್ಕೇ. ಅಕ್ಷರ ಬಿಡಿಸುವ ಚೌಕಟ್ಟು 1000 ಯೂನಿಟ್ ಇದ್ದರೆ 10ರಿಂದ 15 ಯೂನಿಟ್ ಸಾಕು.

ಕನ್ನಡದಲ್ಲಿ ಇದು ಸ್ವಲ್ಪ ಬೇರೆ ಥರ. ನಮ್ಮ ಅಕ್ಷರಗಳು ಹೆಚ್ಚಿನವು ದುಂಡು ಪಾದದ ಮೇಲೇ ನಿಂತಿವೆ, ಎಲ್ಲವೂ ಒಂದೇ ಥರ ದಾಟಿದರೆ ಹೋಲಿಸಲು ಚಪ್ಪಟೆ ಅಕ್ಷರವೇ ಇರುವುದಿಲ್ಲ. ತೊಂದರೆ ಬರುವುದು ಕೆಲವಕ್ಕೆ ಚೌಕದ ಪಾದ, ಕೆಲವಕ್ಕೆ ವೃತ್ತದ ಪಾದ ಕೊಟ್ಟಾಗ, ಇಲ್ಲವೇ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಪಕ್ಕದಲ್ಲಿ ಬಂದಾಗ.

ಎರಡನೆಯದು, ಒಂದೇ ದಪ್ಪದ ಅಡ್ಡಗೆರೆ ಉದ್ದಗೆರೆಗಿಂತ ದಪ್ಪ ಕಾಣುತ್ತದೆ. ಉದ್ದಗೆರೆ 80 ಯೂನಿಟ್ ಇದ್ದರೆ ಅಡ್ಡಗೆರೆಯನ್ನು 72–75ಕ್ಕೆ ಇಳಿಸಿ ನೋಡಿ. ತಲೆಕಟ್ಟಿಗೂ ಇದೇ ಲೆಕ್ಕ. ವೃತ್ತದ ಮೇಲ್ಭಾಗ, ಕೆಳಭಾಗವೂ ಹಾಗೇ ಒಂದು ಚೂರು ತೆಳ್ಳಗಾಗಬೇಕು. ಅಂದರೆ ಒಳವೃತ್ತ ಪೂರ್ತಿ ವೃತ್ತವಾಗಿ ಉಳಿಯುವುದಿಲ್ಲ, ಸ್ವಲ್ಪ ಉದ್ದವಾಗುತ್ತದೆ. ಇರಲಿ ಬಿಡಿ.

ಮೂರನೆಯದು ಗೆರೆಗಳು ಸೇರುವ ಜಾಗ. ಎರಡು ಬಾಗು ಕೂಡಿದ ಕಡೆ ಮಸಿ ಚೆಲ್ಲಿದ ಹಾಗೆ ಕಪ್ಪಾಗುತ್ತದೆ. ಅಲ್ಲಿ ಒಂದು ಗೆರೆಯನ್ನು ಸವೆಸಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಇಂಥ ಕಪ್ಪು ಚುಕ್ಕೆಗಳೇ ಮೊದಲು ಕಾಣುವುದು.

ಗೆರೆ ಎಷ್ಟು ದಪ್ಪ ಇರಬೇಕು?

ರ ನೋಡಿಕೊಂಡು ದಪ್ಪ ತೀರ್ಮಾನ ಮಾಡಬೇಡಿ. ಝ ಅಥವಾ ಋ ನೋಡಿ ತೀರ್ಮಾನಿಸಿ. ರ ಎಷ್ಟು ದಪ್ಪವನ್ನಾದರೂ ತಡೆದುಕೊಳ್ಳುತ್ತದೆ. ಝ ಅಕ್ಷರದಲ್ಲಿ ಹೊಟ್ಟೆ, ಕೊಂಬು, ಗೀಟು ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ, ದಪ್ಪ ಜಾಸ್ತಿಯಾದರೆ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ಇಕ್ಕಟ್ಟಾದ ಅಕ್ಷರ ಸಲೀಸಾಗಿ ಓದುವಂತಿದ್ದರೆ ಉಳಿದವು ತಾವೇ ಸರಿಹೋಗುತ್ತವೆ.

ಚೌಕಟ್ಟು ಎಷ್ಟು ಯೂನಿಟ್ ಇಟ್ಟುಕೊಳ್ಳಲಿ?

1000. ಟ್ರೂಟೈಪ್ ಅನ್ನುವ ಮಾದರಿಯ ಫಾಂಟ್ ಫೈಲ್‌ಗಳಲ್ಲಿ 2048 ಕೂಡ ವಾಡಿಕೆ, ಆದರೆ ಲೆಕ್ಕ ಹಾಕಲು 1000 ಸಲೀಸು. ಗ್ರಿಡ್, ಅಂದರೆ ಹಿನ್ನೆಲೆಯ ಚೌಕುಳಿ ಗೆರೆಗಳು, 10 ಅಥವಾ 20 ಯೂನಿಟ್‌ನದು ಇರಲಿ. ಕೊನೆಯ ತಿದ್ದುಪಡಿ ಮಾಡುವಾಗ ಗ್ರಿಡ್‌ಗೆ ಅಂಟಿಕೊಳ್ಳುವುದನ್ನು ಆಫ್ ಮಾಡಿ. ಮೇಲೆ ಹೇಳಿದ ಐದು-ಹತ್ತು ಯೂನಿಟ್‌ಗಳ ತಿದ್ದುಪಡಿಗೆ ಗ್ರಿಡ್ ಅಡ್ಡ ಬರುತ್ತದೆ.

ವೃತ್ತ ಬಿಡಿಸಿದರೆ ಮೊಟ್ಟೆ ಥರ ಉಬ್ಬುತ್ತೆ, ಯಾಕೆ?

ನೋಡ್‌ಗಳು, ಅಂದರೆ ಗೆರೆ ಹಾದುಹೋಗುವ ಬಿಂದುಗಳು, ಜಾಸ್ತಿ ಆಗಿವೆ, ಇಲ್ಲವೇ ತಪ್ಪು ಜಾಗದಲ್ಲಿವೆ. ವೃತ್ತಕ್ಕೆ ನಾಲ್ಕೇ ನೋಡ್ ಸಾಕು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಆಯಾ ತುತ್ತತುದಿಯಲ್ಲಿ. ಗೆರೆಯ ಬಾಗನ್ನು ಹಿಡಿತದಲ್ಲಿಡುವ, ನೋಡ್‌ನಿಂದ ಹೊರಡುವ ಹ್ಯಾಂಡಲ್‌ಗಳು ನೇರವಾಗಿ ಅಡ್ಡಕ್ಕೆ ಅಥವಾ ಉದ್ದಕ್ಕೆ ಮಾತ್ರ. ಹ್ಯಾಂಡಲ್ ಉದ್ದ ತ್ರಿಜ್ಯದ ಶೇಕಡಾ 55ರಷ್ಟು. ತ್ರಿಜ್ಯ 250 ಇದ್ದರೆ ಹ್ಯಾಂಡಲ್ 138. ಇಷ್ಟು ಮಾಡಿದರೆ ಕಣ್ಣಿಗೆ ಪಕ್ಕಾ ವೃತ್ತ.

ಚಿತ್ರವನ್ನು ಸ್ಕ್ಯಾನ್ ಮಾಡಿ ಆಟೋ-ಟ್ರೇಸ್ (ಕಂಪ್ಯೂಟರ್ ತಾನೇ ಗೆರೆ ಎಳೆಯುವುದು) ಒತ್ತಿದರೆ ನೂರಾರು ನೋಡ್ ಬಂದು ಕೂರುತ್ತವೆ. ಅವನ್ನು ಒರೆಸುವುದಕ್ಕಿಂತ ಹೊಸದಾಗಿ ಬಿಡಿಸುವುದೇ ಬೇಗ ಆಗುತ್ತದೆ.

ಕನ್ನಡಕ್ಕೆ ಒಟ್ಟು ಎಷ್ಟು ಆಕೃತಿ ಬಿಡಿಸಬೇಕು? 49 ಸಾಕಲ್ವಾ?

ಸಾಲದು. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಳು ಅಕ್ಷರಗಳಿಗೆ ಅಂಕಿ ಕೊಡುವ ಪಟ್ಟಿಯಲ್ಲಿ, ಕನ್ನಡಕ್ಕೆ 128 ಜಾಗಗಳ ಒಂದು ವಿಭಾಗ ಇದೆ, ಅದರಲ್ಲಿ ಇರುವುದು ಮೂಲ ಅಕ್ಷರ, ಚಿಹ್ನೆ, ಅಂಕಿಗಳು ಮಾತ್ರ. ಕಿ, ಕ್ಕ, ರ್ಕ ಇವಕ್ಕೆ ಅಲ್ಲಿ ಬೇರೆ ಜಾಗ ಇಲ್ಲ. ಅವನ್ನೆಲ್ಲ ಫಾಂಟ್ ಒಳಗಿನ ನಿಯಮಗಳು ಕಟ್ಟಿಕೊಡುತ್ತವೆ, ಆದರೆ ಆಕೃತಿ ನೀವು ಬಿಡಿಸಿಟ್ಟಿರಬೇಕು.

34 ವ್ಯಂಜನ ಇವೆ. ಒಂದೊಂದಕ್ಕೂ ಕಡಿಮೆ ಅಂದರೂ ನಾಲ್ಕು ರೂಪ: ಮಾಮೂಲಿ ಅಕ್ಷರ, ತಲೆಕಟ್ಟು ತೆಗೆದ ಅಕ್ಷರ, ಗುಡಿಸು ಕೊಟ್ಟ ರೂಪ, ಒತ್ತು. ಅಲ್ಲಿಗೇ 136. ಮೇಲೆ ಸ್ವರಗಳು, ಗುಣಿತದ ಚಿಹ್ನೆಗಳು, ಅರ್ಕಾವೊತ್ತು, ಅಂಕಿ, ವಿರಾಮ ಚಿಹ್ನೆ. ಇನ್ನೂರರ ಹತ್ತಿರ ಹೋಗುತ್ತದೆ.

ಹೆದರಬೇಡಿ, ಆಕಾರಗಳ ಫಾಂಟ್‌ನ ಲಾಭ ಸಿಗುವುದು ಇಲ್ಲೇ. ತಲೆಕಟ್ಟನ್ನು ಬೇರೆ ತುಂಡಾಗಿ ಇಟ್ಟುಕೊಳ್ಳಿ. ಏತ್ವ, ಇಳಿ ಬಂದಾಗ ಅದನ್ನು ತೆಗೆದು ಆ ಚಿಹ್ನೆಯನ್ನು ಕೂರಿಸಿದರೆ ಆಯಿತು. ಬ, ಲ, ಜ, ಣ ಇವಕ್ಕೆ ತಲೆಕಟ್ಟೇ ಇಲ್ಲ, ಅವುಗಳ ಗುಣಿತವನ್ನು ಬೇರೆಯಾಗಿಯೇ ನೋಡಬೇಕು.

ಒತ್ತುಗಳಲ್ಲಿ ಹೆಚ್ಚಿನವು ಅಕ್ಷರದ್ದೇ ಚಿಕ್ಕ ರೂಪ, ತಲೆಕಟ್ಟಿಲ್ಲದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಅಕ್ಷರಕ್ಕಿಂತ ಬೇರೆ ಥರ, ಇವನ್ನು ಹೊಸದಾಗಿ ಬಿಡಿಸಿ. ಉಳಿದವನ್ನು ಅರ್ಧಕ್ಕೆ ಕುಗ್ಗಿಸಿ ಇಟ್ಟರೆ ಗೆರೆಯೂ ಅರ್ಧ ದಪ್ಪ ಆಗಿ ಬಡಕಲಾಗಿ ಕಾಣುತ್ತವೆ. ಕುಗ್ಗಿಸಿದ ಮೇಲೆ ಗೆರೆಯನ್ನು ಮತ್ತೆ ದಪ್ಪ ಮಾಡಿ. ಮೇಲಿನ ಅಕ್ಷರದ ಮುಕ್ಕಾಲು ದಪ್ಪಕ್ಕಿಂತ ಇಳಿಯದಿದ್ದರೆ ಒಳ್ಳೆಯದು.

ಒತ್ತಿನ ಕೆಳಭಾಗ ಕತ್ತರಿಸಿಹೋಗುತ್ತಿದೆ.

ಫಾಂಟ್‌ನ ಎತ್ತರ-ಇಳಿತದ ಅಳತೆಯಲ್ಲಿ ಕೆಳಗಡೆಗೆ ಜಾಗ ಕಡಿಮೆ ಕೊಟ್ಟಿದ್ದೀರಿ. 'ಸ್ತ್ರೀ', 'ರಾಷ್ಟ್ರ' ಇವನ್ನು ಬರೆದು, ಎರಡು ಒತ್ತು ಎಲ್ಲಿವರೆಗೆ ಇಳಿಯುತ್ತವೋ ಅದಕ್ಕಿಂತ ಸ್ವಲ್ಪ ಕೆಳಗೆ ಅಳತೆ ಇಡಿ. ಎತ್ತರ, ಇಳಿತ ಎರಡೂ ಸೇರಿ 1000 ದಾಟಿದರೂ ತೊಂದರೆ ಇಲ್ಲ.

ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು?

ರರರರ ಅಂತ ಬರೆಯಿರಿ. ಹೊಟ್ಟೆಯೊಳಗಿನ ಬಿಳುಪು, ಎರಡು ರ ನಡುವಿನ ಬಿಳುಪು ಹತ್ತಿರ ಹತ್ತಿರ ಒಂದೇ ಅನ್ನಿಸುವ ತನಕ ತಿದ್ದಿ. ಆಮೇಲೆ ರ ನಡುವೆ ಒಂದೊಂದೇ ಹೊಸ ಅಕ್ಷರ ತುರುಕಿ: ರಲರ, ರಪರ, ರಯರ. ತಲೆಕಟ್ಟಿನ ತುದಿ ಬಲಕ್ಕೆ ಚಾಚಿರುತ್ತದೆ, ಜಾಗವನ್ನು ಅಲ್ಲಿಂದ ಅಳೆಯಬೇಡಿ, ಹೊಟ್ಟೆಯಿಂದ ಅಳೆಯಿರಿ. ತಲೆಕಟ್ಟು ಪಕ್ಕದ ಅಕ್ಷರಕ್ಕೆ ತಾಗದಿದ್ದರೆ ಸಾಕು.

ಕರ್ನಿಂಗ್, ಅಂದರೆ ಎರಡೆರಡು ಅಕ್ಷರಗಳ ಜೋಡಿಗೆ ನಡುವಿನ ಜಾಗ ತಿದ್ದುವುದು, ಕೊನೆಯ ಕೆಲಸ. ಮೂಲ ಜಾಗ ಸರಿ ಇಲ್ಲದೆ ಕರ್ನಿಂಗ್‌ಗೆ ಕೂತರೆ ಅದು ಮುಗಿಯುವುದೇ ಇಲ್ಲ.

ಯಾವ ಸಾಫ್ಟ್‌ವೇರ್ ಬಳಸಲಿ?

ಬರೀ ಆಟಕ್ಕೆ, ಇಟ್ಟಿಗೆ ಜೋಡಿಸಿದಂತೆ ಅಕ್ಷರ ಕಟ್ಟಲು ಫಾಂಟ್‌ಸ್ಟ್ರಕ್ಟ್ ಇದೆ. 2008ರಿಂದ ಇದೆ, ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ. ಆಕಾರಗಳಲ್ಲಿ ಯೋಚಿಸುವುದನ್ನು ಅದು ಚೆನ್ನಾಗಿ ಕಲಿಸುತ್ತದೆ. ಕನ್ನಡದ ಪೂರ್ತಿ ಫಾಂಟ್‌ಗೆ ಒತ್ತು, ಗುಣಿತದ ನಿಯಮ ಬರೆಯಬೇಕಲ್ಲ, ಅದಕ್ಕೆ ಫಾಂಟ್‌ಫೋರ್ಜ್ ಬಳಸಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೋಡಲು ಹಳೇ ಕಾಲದ್ದು, ಮೊದಮೊದಲು ಸಿಟ್ಟು ಬರಿಸುತ್ತದೆ. ಮ್ಯಾಕ್ ಇದ್ದು ದುಡ್ಡು ಕೊಡಬಹುದಾದರೆ ಗ್ಲಿಫ್ಸ್ ತುಂಬಾ ಆರಾಮ. ಬಿಡಿಸುವುದನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಾಡಿ ಆಮೇಲೆ ತಂದು ಹಾಕುವವರೂ ಇದ್ದಾರೆ.

ಸರಿಯಾಗಿ ಬಂದಿದೆಯಾ ಅಂತ ಹೇಗೆ ನೋಡೋದು?

ಪದಗಳನ್ನು ಬರೆದು. ಪುಸ್ತಕ, ಕೃಷಿ, ಸೂರ್ಯ, ಜ್ಞಾನ, ಕ್ಷೇತ್ರ, ವೈಶಿಷ್ಟ್ಯ, ಕೊಳ್ಳೋಣ, ಧೈರ್ಯ, ಹೂವು. ಇವುಗಳಲ್ಲಿ ವಟ್ರಸುಳಿ, ಅರ್ಕಾವೊತ್ತು, ಐತ್ವ, ಜೋಡಿ ಒತ್ತು ಎಲ್ಲ ಬಂದುಬಿಡುತ್ತವೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಇವು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಅನ್ನುವ ಒಂದೇ ಎಂಜಿನ್ ಬಳಸುತ್ತವೆ, ಹಾಗಾಗಿ ಒಂದರಲ್ಲಿ ಸರಿ ಬಂದರೆ ಉಳಿದವುಗಳಲ್ಲೂ ಸಾಮಾನ್ಯವಾಗಿ ಬರುತ್ತದೆ. ಬೇರೆ ಎಂಜಿನ್ ಇರುವ ಒಂದಾದರೂ ತಂತ್ರಾಂಶದಲ್ಲಿ ನೋಡುವುದನ್ನು ಮರೆಯಬೇಡಿ.

ಆಮೇಲೆ ಫಾಂಟ್ ನೋಡದೇ ಇರುವ ಒಬ್ಬರ ಕೈಗೆ ಒಂದು ಪ್ಯಾರಾ ಕೊಟ್ಟು ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. 'ಚೆನ್ನಾಗಿದೆಯಾ' ಅಂತ ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಇದರಲ್ಲಿ ಇಡೀ ಪುಸ್ತಕ ಹಾಕಬಹುದಾ?

ಬೇಡ. ತಲೆಬರಹ, ಪೋಸ್ಟರ್, ಲೋಗೊ, ಹೆಸರಿನ ಕಾರ್ಡ್ ಇವಕ್ಕೆ ಬಳಸಿ.

ಇರುವ ಒಂದು ಫಾಂಟ್ ತೆಗೆದು ಅದನ್ನೇ ತಿದ್ದಿದರೆ ಆಗಲ್ವಾ?

ಮೊದಲು ಅದರ ಪರವಾನಗಿ ಓದಿ. ದುಡ್ಡು ಕೊಟ್ಟು ತಂದ ಫಾಂಟ್‌ಗಳಲ್ಲಿ ಬಹಳಷ್ಟು ತಿದ್ದಲು ಬಿಡುವುದಿಲ್ಲ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವವನ್ನು ತಿದ್ದಬಹುದು, ಹಂಚಬಹುದು. ಆದರೆ ಮೂಲ ಫಾಂಟ್‌ನವರು ಹೆಸರನ್ನು ಕಾಯ್ದಿರಿಸಿದ್ದರೆ ನಿಮ್ಮದಕ್ಕೆ ಬೇರೆ ಹೆಸರಿಡಬೇಕು, ಅದೇ ಪರವಾನಗಿಯಲ್ಲೇ ಬಿಡಬೇಕು, ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಇಂಥ ಫಾಂಟ್ ತೆರೆದು ಒತ್ತಿನ ನಿಯಮಗಳನ್ನು ಹೇಗೆ ಬರೆದಿದ್ದಾರೆ ಅಂತ ನೋಡುವುದು ತುಂಬಾ ಒಳ್ಳೆಯ ಪಾಠ. ನೋಟೊ ಸ್ಯಾನ್ಸ್ ಕನ್ನಡ ಈ ಪರವಾನಗಿಯಲ್ಲೇ ಸಿಗುತ್ತದೆ, ಅದರಿಂದ ಶುರು ಮಾಡಿ.

ಇಂಗ್ಲಿಷ್ ಅಕ್ಷರಗಳನ್ನೂ ಸೇರಿಸಬೇಕಾ?

ಅಂಕಿ, ವಿರಾಮ ಚಿಹ್ನೆ ಖಂಡಿತ ಬೇಕು. ಅಕ್ಷರ ನಿಮ್ಮಿಷ್ಟ. ಸೇರಿಸುವುದಾದರೆ ಕನ್ನಡದ ವೃತ್ತವನ್ನೇ ಇಂಗ್ಲಿಷ್ ಸಣ್ಣಕ್ಷರಕ್ಕೂ ಬಳಸಿ, ದೊಡ್ಡಕ್ಷರಗಳನ್ನು ತೀರಾ ಎತ್ತರ ಮಾಡಬೇಡಿ. ಇಲ್ಲದಿದ್ದರೆ ಒಂದೇ ಸಾಲಿನಲ್ಲಿ ಎರಡೂ ಬಂದಾಗ ಇಂಗ್ಲಿಷ್ ಪದ ಕೂಗಿದ ಹಾಗೆ ಕಾಣುತ್ತದೆ.

ತಿದ್ದಿದ ಹೊಸ ಫೈಲ್ ಹಾಕಿದರೂ ಹಳೇ ಅಕ್ಷರವೇ ಕಾಣುತ್ತಿದೆ!

ಕಂಪ್ಯೂಟರ್ ಹಳೇ ಫಾಂಟನ್ನು ಕ್ಯಾಶ್‌ನಲ್ಲಿ, ಅಂದರೆ ತನ್ನ ತಾತ್ಕಾಲಿಕ ನೆನಪಿನಲ್ಲಿ, ಇಟ್ಟುಕೊಂಡಿದೆ. ಫೈಲ್‌ನ ಹೆಸರು ಬದಲಿಸಿದರೆ ಸಾಲದು, ಫಾಂಟ್ ಒಳಗಿನ ಮಾಹಿತಿಯಲ್ಲಿ ಬರೆದ ಹೆಸರನ್ನೇ ಬದಲಿಸಬೇಕು. ಪ್ರತಿ ಸಲ ಪರೀಕ್ಷೆಗೆ ಹೊರತೆಗೆಯುವಾಗ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿ, ಹಳೆಯದನ್ನು ತೆಗೆದುಹಾಕಿ, ಬಳಸುತ್ತಿರುವ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ. ಹೊರಗೆ ಹಂಚುವ ಫೈಲ್‌ನಲ್ಲಿ ಮಾತ್ರ ಆ ಅಂಕಿ ತೆಗೆದು ನಿಜವಾದ ಹೆಸರು ಇಡಿ.